ಕುಸರೆಳ್ಳಿನ ಡಾಬು

ಗುಡಾರಬೀದಿ, ಗದಗ
ಬಿಸಿಲೇರಿದ ಮೇಲಿನ ತೊಂಬತ್ತೆರಡನೆಯ ವರ್ಷ, ಎರಡನೆಯ ಪುಷ್ಯ ಮಾಸದ ಮೂವತ್ತನಾಲ್ಕನೆಯ ದಿನ

ಪೂಜ್ಯ ಅನ್ನಪೂರ್ಣಜ್ಜಿಯವರಿಗೆ,

ನಿಮಗಿನ್ನೂ ಮೂವತ್ತು ತುಂಬಿಲ್ಲ. ಅಷ್ಟರಲ್ಲೇ ಅಜ್ಜಿ ಅನ್ನಿಸಿಕೊಳ್ಳುವುದು ಯಾರಿಗೆ ಹಿತ? ಆದರೆ ನಾನು ನಿಮ್ಮ ಏಳನೆಯ ತಲೆಮಾರಿನವಳು, ಬೇರೆ ಏನೆಂದು ಕರೆಯಲಿ? ಮೇಲಿನ ತಾರೀಖನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಬೇಡಿ. ಬಿಸಿಲು ವಿಪರೀತವಾದ ಮೇಲೆ ನಮ್ಮ ಹಿರಿಯರು ಹೆಸರಿಗಾದರೂ ತಂಪಿರಲಿ ಎಂದು ಪುಷ್ಯ ಮಾಸವನ್ನು ಹಿಗ್ಗಿಸಿ ಎರಡು ಮಾಡಿಕೊಂಡರು. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಮಗಳು ಸಿಂಚನಾಳ ಸೊಂಟಕ್ಕೆ ಇನ್ಸುಲಿನ್ ಪಂಪ್ ಕೂಡಿಸಿ ಒಂದು ವಾರವಾಗಿದೆ ಎಂದೂ, ನೀವು ಅದನ್ನು ಕಾಯುತ್ತಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೀರಿ ಎಂದೂ ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಅದಕ್ಕೇ ಈ ಪತ್ರ.

ಗುಡಾರಬೀದಿ ಎಂದರೆ ಇಡೀ ಬೀದಿಗೆ ಒಂದೇ ಬಟ್ಟೆಯ ಚಾವಣಿ. ಅದು ಬಿಸಿಲು ಕುಡಿದು ನಮ್ಮ ಒಲೆಗೆ ಉರಿ ಕೊಡುತ್ತದೆ. ಮಧ್ಯಾಹ್ನ ಯಾರೂ ಅದರಾಚೆ ಕಾಲಿಡುವುದಿಲ್ಲ. ರೊಟ್ಟಿ ಬಡಿಯುವ ಯಂತ್ರ ಬಂದು ಮೂರು ತಲೆಮಾರಾಯಿತು, ಅದರ ರೊಟ್ಟಿಯನ್ನು ದನಕ್ಕೆ ಹಾಕಿ ನಾವು ಕೈಯಲ್ಲಿ ಬಡಿದದ್ದನ್ನೇ ತಿನ್ನುತ್ತೇವೆ. ಇನ್ನೈದು ವರ್ಷದಲ್ಲಿ ಈ ಸಕ್ಕರೆ ಕಾಯಿಲೆಗೆ ಮದ್ದು ಬಂದೇ ಬರುತ್ತದೆ ಎಂದು ನಿಮ್ಮ ಡಾಕ್ಟರು ಹೇಳುತ್ತಿರಬೇಕಲ್ಲ? ನಮ್ಮವರೂ ಅದನ್ನೇ ಹೇಳುತ್ತಾರೆ. ಹಾಗಾಗಿ ನನ್ನ ಮಗಳು ಹಂಪವ್ವನ ಸೊಂಟದಲ್ಲೂ ಒಂದು ಪಂಪ್ ಇದೆ. ನಾವು ಅದನ್ನು ಒಡನಾಡಿ ಅನ್ನುತ್ತೇವೆ. ಅವರೆಕಾಳಿಗಿಂತ ತುಸು ದೊಡ್ಡದು, ಚರ್ಮದೊಳಗೆ ಕೂದಲೆಳೆಯಷ್ಟು ಸಣ್ಣ ನಳಿಕೆ. ಮನೆಯವರು ಗಾಬರಿಯಾಗಬಾರದೆಂದು ಅದಕ್ಕೆ ಬಹಳ ಮೆತ್ತಗೆ ಮಾತಾಡಲು ಕಲಿಸಿದ್ದಾರೆ. ಆ ಮೆತ್ತನೆಯ ಮಾತು ಕೇಳಿದರೆ ನನಗೀಗ ಮೈಯುರಿಯುತ್ತದೆ.

ಮೊನ್ನೆ ಸಂಕ್ರಾಂತಿ. ಮಕ್ಕಳಿಗೆ ಕುಸರೆಳ್ಳಿನ ಒಡವೆ ತೊಡಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಸಕ್ಕರೆ ಪಾಕ ಹತ್ತಿಸಿದ ಎಳ್ಳಿನ ಕಾಳುಗಳನ್ನು ಪೋಣಿಸಿ ನನ್ನ ನಾದಿನಿ ಬಾಳವ್ವ ಒಂದು ಡಾಬು ಮಾಡಿ, ಗಂಡನ ಮನೆಗೆ ಹೊರಟ ಮದುಮಗಳಿಗೆ ಕಟ್ಟುವಂತೆ ಹಂಪವ್ವನ ಸೊಂಟಕ್ಕೆ ಬಿಗಿದಳು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಸಕ್ಕರೆ ನಾನೂರು ದಾಟಿತು. ಡಾಬಿನಲ್ಲಿ ನೋಡಿದರೆ ಅಲ್ಲಲ್ಲಿ ಕಾಳು ಇಲ್ಲ! ಇನ್ನೇನು ಬೇಕು? "ಬಾಯಿ ತೆಗಿ, ನಾಲಗಿ ತೋರಸು. ಕಾಳು ತಾವ ಹಾರಿ ಹೋದವೇನ?" ಎಂದು ಬಾಳವ್ವ ಗದರಿದಳು. "ಯವ್ವಾ, ನಾ ಒಂದ ಕಾಳೂ ತಿಂದಿಲ್ಲವಾ" ಎಂದು ಹಂಪವ್ವ ಅತ್ತಳು. ಯಾರೂ ಕೇಳಲಿಲ್ಲ. ಒಡನಾಡಿಗೆ ಇನ್ನಷ್ಟು ಇನ್ಸುಲಿನ್ ಕೊಡಲು ಹೇಳಿದೆವು. ಅದು ಮೆತ್ತಗೆ "ಕೊಟ್ಟಾಯಿತು" ಅಂದಿತು. ಸಕ್ಕರೆ ಇಳಿಯಲಿಲ್ಲ. ಮತ್ತೆ ಹೇಳಿದೆವು, ಮತ್ತೆ "ಕೊಟ್ಟಾಯಿತು". ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಯಂತ್ರ ಕೆಟ್ಟಿದ್ದಕ್ಕೆ ಬೈಗುಳ ಮಗುವಿಗೆ.

ಹಂಪವ್ವ ವಾಂತಿ ಮಾಡಿಕೊಂಡಳು. ಉಸಿರು ದೊಡ್ಡದಾಯಿತು, ಬಾಯಿಂದ ಕೊಳೆತ ಹಣ್ಣಿನ ವಾಸನೆ. ಎತ್ತಿ ಎದೆಗವಚಿಕೊಂಡಾಗ ಅವಳ ಲಂಗದಿಂದ ಫಿನೈಲಿನಂಥ ವಾಸನೆ ಬಂತು. ಇನ್ಸುಲಿನ್ನಿನ ವಾಸನೆಯೂ ಹಾಗೇ ಇರುತ್ತದೆ ಎಂದು ನನಗೆ ಗೊತ್ತು. ಆದರೆ ಹಬ್ಬಕ್ಕೆಂದು ಬೆಳಿಗ್ಗೆ ಮನೆಯೆಲ್ಲ ತೊಳೆದಿದ್ದೆವು, ಅದರದ್ದೇ ಇರಬೇಕು ಎಂದುಕೊಂಡೆ. ಆಮೇಲೆ ಕೈಗೆ ಒದ್ದೆ ಹತ್ತಿತು. ಡಾಬು ಕಿತ್ತೆಸೆದೆ. ಬಿಗಿದ ರಭಸಕ್ಕೆ ನಳಿಕೆ ಚರ್ಮದಿಂದ ಹೊರಬಂದಿತ್ತು. ಒಡನಾಡಿ ಕೊಟ್ಟ ಔಷಧಿಯನ್ನೆಲ್ಲ ಲಂಗ ಕುಡಿದಿತ್ತು. ಉದುರಿದ ಕಾಳುಗಳು ಅದೇ ಒದ್ದೆಗೆ ಕರಗಿ ಲಂಗದ ನೆರಿಗೆಯಲ್ಲಿ ಅಂಟಿಕೊಂಡಿದ್ದವು.

ಮಣ್ಣಿನ ಗಡಿಗೆಯಲ್ಲಿ ತಂಪಾಗಿಟ್ಟಿದ್ದ ಹೊಸ ಇನ್ಸುಲಿನ್ ತೆಗೆದು, ಡಾಕ್ಟರನ್ನು ಕೇಳಿಕೊಂಡೇ ಸೂಜಿಯಲ್ಲಿ ಚುಚ್ಚಿದೆ. ನೀವು ಬಳಸುವಂಥದೇ ಸೂಜಿ, ಅದೇನೂ ಬದಲಾಗಿಲ್ಲ. ಬಿಸಿಲೆನ್ನದೆ ಹಾಗೇ ಹೊತ್ತುಕೊಂಡು ಆಸ್ಪತ್ರೆಗೆ ಓಡಿದೆವು. ಗ್ಲೂಕೋಸು ಬಾಟಲಿಯಂಥದ್ದರಲ್ಲಿ ಉಪ್ಪುನೀರು ಏರಿಸಿದರು. ಸಂಜೆಯ ಹೊತ್ತಿಗೆ ಸಕ್ಕರೆ ಇಳಿಯತೊಡಗಿತು, ಮರುದಿನ ಹಂಪವ್ವ ಎದ್ದು ಕೂತು ರೊಟ್ಟಿ ಕೇಳಿದಳು. ಹೋದ ಜೀವ ಬಂತು, ಅಜ್ಜಿ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ಒಳಗೆ ಹಂಪವ್ವ ತನ್ನ ಸೋದರತ್ತೆಯ ವಿಚಾರಣೆ ನಡೆಸಿದ್ದಳು. "ನಾಲಗಿ ತೋರಸಲೇನ ಅತ್ತಿ?" ಬಾಳವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಸಿಂಚನಾಳ ಸಕ್ಕರೆ ಸುಮ್ಮಸುಮ್ಮನೆ ಏರಿದ ದಿನ, ಏನು ತಿಂದೆ ಎಂದು ಕೇಳುವ ಮೊದಲು ಅವಳ ಸೊಂಟ ಮುಟ್ಟಿ ನೋಡಿ. ಪಂಪ್ "ಕೊಟ್ಟೆ" ಅಂದರೂ ನಂಬಬೇಡಿ, ಸೂಜಿ ಕೈಯಳತೆಯಲ್ಲಿರಲಿ. ಅವಳು ತಿಂದಿಲ್ಲ ಅಂದರೆ ನಂಬಿ.

ಇಷ್ಟು ಹೇಳಿ, ನೀವು ಕೇಳಲು ಹೆದರುತ್ತಿರುವ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ. ನಿಮಗೆ ಸಿಂಚನಾ ಒಬ್ಬಳೇ ಮಗಳು. ನಾನು ಅವಳ ಮಕ್ಕಳ ವಂಶದವಳು. ಈಗ ಹೋಗಿ ಮಲಗಿರಿ.

ನಿಮ್ಮ ಪಾದ ಮುಟ್ಟಿ,
ಶಿವಗಂಗಾ