ಬಸವಣ್ಣನ ಕಿವಿಯಲ್ಲಿ ಹೇಳಿದ ಮಾತು

ಕ್ಷೇಮನಾಮ ಸಂವತ್ಸರ, ಭಾದ್ರಪದ ಬಹುಳ ತದಿಗೆ, ರವಿವಾರ ಮಧ್ಯಾಹ್ನ

ನಮಗಿಂತ ಆರೇಳು ತಲೆಮಾರು ಹಿಂದೆ ಬಾಳುತ್ತಿರುವ ಹಿರಿಯರಿಗೆ ಸಾವಂತ್ರೆವ್ವ ಮಾಡುವ ಶರಣು ಶರಣಾರ್ಥಿ.

ಮೇಲಿನ ತಾರೀಖನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಬೇಡಿರಿ, ಸಿಗುವುದಿಲ್ಲ. ನಿಮಗೆ ಪ್ರಭವದಿಂದ ಕ್ಷಯದವರೆಗೆ ಅರವತ್ತೇ ಸಂವತ್ಸರ. ವರ್ಷಗಳ ಸರಣಿ ಕ್ಷಯ ಎಂಬ ಕೆಟ್ಟ ಹೆಸರಿನಲ್ಲಿ ಮುಗಿಯಬಾರದೆಂದು ನಮ್ಮ ಸರಕಾರ ಅದರ ಮುಂದೆ ಇನ್ನೊಂದನ್ನು ಕೂಡಿಸಿ ಕ್ಷೇಮ ಎಂದು ಕರೆಯಿತು. ನಾನು ಬರೆಯುವುದರಲ್ಲಿ ನಿಮಗೆ ತಿಳಿಯದ ಶಬ್ದಗಳು ಬರುತ್ತವೆ. ಅವು ನನ್ನ ಬಾಯಿಂದ ಹುಟ್ಟಿದವಲ್ಲ, ಹೊಟ್ಟೆಗೆ ಹಾಕಿಕೊಳ್ಳಿರಿ. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಈಗ ಐವತ್ತು ವರ್ಷ. ಕೈಯಲ್ಲಿ ಪೆನ್ನು ಹಿಡಿದು ಬರೆಯಲು ಬರುವವರಲ್ಲಿ ನಮ್ಮದೇ ಕೊನೆಯ ಸಾಲು ಇರಬೇಕು. ಈ ಕಾಗದ ನಿಮಗೆ ಹೇಗೆ ಮುಟ್ಟೀತೋ ನಾನರಿಯೆ. ಹಿಂದಿನದು, ಮುಂದಿನದು ಎಂಬುದು ನಮಗೆ, ಶಿವನಿಗಲ್ಲ. ಮುಟ್ಟಿಸುವುದು ಅವನ ಕೆಲಸ.

ನಮ್ಮ ಪ್ರತಿ ಮನೆಯ ದೇವರ ಮಾಡದ ಮೇಲೆ ಕಡಲೆಕಾಳಿನಷ್ಟು ದಪ್ಪದ ಒಂದು ಗುಂಡಿ ಇದೆ. ಅದಕ್ಕೆ ಕಾವಲುಗಿವಿ ಎನ್ನುತ್ತೇವೆ. ಮನೆಯೊಳಗಿನ ಮಾತು, ಕೆಮ್ಮು, ಪಾತ್ರೆಯ ಸದ್ದು, ಎಲ್ಲವೂ ಅದಕ್ಕೆ ಕೇಳುತ್ತದೆ. ಚಾವಡಿಯಲ್ಲಿ ಒಂದು ದೊಡ್ಡ ಹಲಗೆ ಇದ್ದು, ಅದರ ಮೇಲೆ ಒಂದೊಂದು ಮನೆಗೆ ಒಂದೊಂದು ಗೆರೆ ಓಡುತ್ತಿರುತ್ತದೆ. ಓಣಿಯ ಗೆರೆಗಳೆಲ್ಲ ಒಂದೇ ತೆರನಾಗಿದ್ದರೆ ಊರು ಸಾಲಿನಲ್ಲಿದೆ ಎಂದರ್ಥ. ಒಂದು ಗೆರೆ ಮೇಲೆದ್ದರೂ ಕೆಳಗಿಳಿದರೂ ಅದು ಸಾಲು ತಪ್ಪಿದ ಮನೆ. ಇಂಥ ಹೊತ್ತಿಗೇ ರೊಟ್ಟಿ ಬಡಿಯಿರಿ ಎಂದು ಯಾವ ಕಾಯಿದೆಯೂ ಇಲ್ಲ. ಆದರೆ ಸಾಲು ತಪ್ಪಿದ ಮನೆಗೆ ಮರುದಿನ ಇಬ್ಬರು ಬಂದು, ಬಹಳ ವಿನಯದಿಂದ, ಮೈಗೆ ಹುಷಾರಿಲ್ಲವೇನು ಎಂದು ಕೇಳಿ ಹೋಗುತ್ತಾರೆ. ಹೀಗಾಗಿ ಎಲ್ಲರೂ ಒಂದೇ ಹೊತ್ತಿಗೆ ರೊಟ್ಟಿ ಬಡಿಯುತ್ತೇವೆ, ಒಂದೇ ಹೊತ್ತಿಗೆ ಮಲಗುತ್ತೇವೆ. ಸತ್ತವರ ಮನೆಯಲ್ಲಿ ಮೂರನೆಯ ದಿನಕ್ಕೆ ಅಳುವುದನ್ನು ನಿಲ್ಲಿಸುತ್ತೇವೆ.

ಮನಸ್ಸಿನ ಮಾತು ಆಡಬೇಕೆಂದರೆ ಹಿಟ್ಟಿನ ಗಿರಣಿಗೆ ಹೋಗಬೇಕು. ಅಲ್ಲಿಯ ಗದ್ದಲದಲ್ಲಿ ಯಾವ ಕಿವಿಗೂ ಏನೂ ತಿಳಿಯದು. ಎರಡು ಸೇರು ಜೋಳವನ್ನು ನಾಲ್ಕು ಪಾಲು ಮಾಡಿ ನಾಲ್ಕು ದಿನ ಬೀಸಿಸುವ ಹೆಣ್ಣುಮಕ್ಕಳನ್ನು ನೋಡಿದರೆ ನೀವು ನಕ್ಕೀರಿ. ಗಿರಣಿಯವನು ಏನೂ ಅನ್ನುವುದಿಲ್ಲ, ಅವನಿಗೂ ಹೆಂಡತಿ ಇದ್ದಾಳೆ.

ನನ್ನ ನೆಗೆಣ್ಣಿ ಪಾರವ್ವ, ಅಂದರೆ ಮೈದುನನ ಹೆಂಡತಿ, ಗೋಡೆಯಾಚೆಯ ಮನೆಯವಳು. ಗಂಡ ತೀರಿಹೋಗಿ ಒಬ್ಬಳೇ ಇದ್ದಳು. ಊರಿಗೆಲ್ಲ ಹೆದರಿಕೆಯಾದರೆ ಅವಳಿಗೆ ನಗೆಯಾಟ. ಬೆಳಗಾದರೆ ಒಲೆಯ ಮುಂದೆ ಕೂತು ಗುಂಡಿಯ ಕಡೆ ಕತ್ತೆತ್ತಿ, "ಕೇಳಾಕತ್ತೀಯೇನಪಾ? ಇವತ್ತ ಬದನಿಕಾಯಿ ಪಲ್ಯಾ. ಉಪ್ಪು ಒಂಚೂರು ಹೆಚ್ಚಾಗೇತಿ, ಬರಕೋ" ಎನ್ನುವಳು. ನಾನು ಗೋಡೆಯ ಈಚೆಯಿಂದ "ಸುಮ್ನಿರ ಪಾರೀ" ಎಂದರೆ, "ಅಕ್ಕಾ, ನೀ ಕೆಮ್ಮೂದಿದ್ರೂ ಮಂದಿ ಕೆಮ್ಮಿದ ಮ್ಯಾಲೇ ಕೆಮ್ಮತಿ ನೋಡು" ಎಂದು ಚುಚ್ಚುವಳು. ಅದು ನಿಜವಾಗಿತ್ತು. ಆದ್ದರಿಂದಲೇ ನನಗೆ ಸಿಟ್ಟು ಬರುತ್ತಿತ್ತು.

ಹೋದ ಚೈತ್ರದಲ್ಲಿ ಗಿರಣಿಯ ಸದ್ದಿನೊಳಗೆ ಅವಳು ನನ್ನ ಕಿವಿಗೆ ಬಾಯಿಟ್ಟು ಒಂದು ಸಂಗತಿ ಹೇಳಿದಳು. ಅವಳ ಹಿತ್ತಲಿನ ಹಗೇವಿನಲ್ಲಿ, ಜೋಳ ತುಂಬಿಡಲು ಹಿರಿಯರು ನೆಲದೊಳಗೆ ತೋಡಿದ್ದ ಆ ತಗ್ಗಿನಲ್ಲಿ, ದ್ಯಾಮವ್ವ ಎಂಬ ನೇಕಾರರ ಹೆಣ್ಣುಮಗಳು ಕೂಸಿನೊಡನೆ ಅಡಗಿದ್ದಳು. ಅವಳು ಮಾಡಿದ ತಪ್ಪೆಂದರೆ ತೊಟ್ಟಿಲ ಮೇಲೆ ಬೇರೆಯಾಗಿ ಹಾಕಿದ್ದ ಕಾವಲುಗಿವಿಯನ್ನು ಕಿತ್ತು ಹಿಟ್ಟಿನ ಡಬ್ಬಿಯಲ್ಲಿ ಹೂತದ್ದು. ಅದರ ಸಣ್ಣ ಗುಂಯ್‌ಗುಡುವಿಕೆಗೆ ಕೂಸು ಮಲಗುತ್ತಿರಲಿಲ್ಲವಂತೆ. ಅದಕ್ಕೆ ತಿದ್ದುಮನೆಗೆ ಕರೆಸಿದ್ದರು. ತಿದ್ದುಮನೆ ಎಂದರೆ ಸೆರೆಮನೆ ಎಂದು ತಿಳಿಯಿರಿ, ಹೂವಿನ ಗಿಡಗಳಿರುವ ಸೆರೆಮನೆ. "ಎಂಟು ದಿನಾ ಅಷ್ಟ, ಅಕ್ಕಾ. ಆಕಿ ಅಣ್ಣ ಬಂದು ಹೊಳಿ ದಾಟಸ್ತಾನ. ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದಳು. ನಾನು ಲಿಂಗ ಮುಟ್ಟಿ ಆಣೆ ಮಾಡಿದೆ.

ಮನುಷ್ಯರ ಮುಂದೆ ಬಾಯಿ ಬಿಡಲಿಲ್ಲ. ಆದರೆ ಆ ಭಯ ಎದೆಯಲ್ಲಿ ಹಿಡಿಯದಾಯಿತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ತಾಳಲಾರದ ಕಷ್ಟ ಬಂದರೆ ಗುಡಿಗೆ ಹೋಗಿ, ಕಲ್ಲಿನ ಬಸವಣ್ಣನ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರಲ್ಲಿ ಪಿಸುಗುಟ್ಟಿ ಬರುವ ರೂಢಿ ಇದೆ. ನಿಮ್ಮ ಕಾಲದಲ್ಲಿಯೂ ಇರಬೇಕು. ಅವನು ಶಿವನಿಗೆ ಮುಟ್ಟಿಸುತ್ತಾನೆಂಬ ನಂಬಿಗೆ. ಸೋಮವಾರ ಹೋದೆ. "ಬಸವಣ್ಣಾ, ನಮ್ಮ ಪಾರಿ ಹಗೇವಿನ್ಯಾಗ ಬಾಣಂತಿನ್ನ ಇಟ್ಕೊಂಡಾಳ. ಎಂಟು ದಿನಾ ಕಾಯಪಾ" ಎಂದು ಬೇಡಿಕೊಂಡು ನೀರೆರೆದು ಬಂದೆ. ಹಗುರೆನಿಸಿತು. ಮಂಗಳವಾರ ಹೊತ್ತೇರುವಷ್ಟರಲ್ಲಿ ಚಾವಡಿಯವರು ನೆಟ್ಟಗೆ ಹಗೇವಿಗೇ ಬಂದರು. ಎಲ್ಲಿಯೂ ಹುಡುಕಲಿಲ್ಲ. ದ್ಯಾಮವ್ವನನ್ನೂ ಕೂಸನ್ನೂ ಮೇಲೆತ್ತಿದರು. ಪಾರವ್ವ ಸೆರಗು ಸರಿಮಾಡಿಕೊಂಡು ಹೊರಟವಳು ನನ್ನ ಬಾಗಿಲ ಮುಂದೆ ಒಂದು ಗಳಿಗೆ ನಿಂತಳು. ಮಾತಾಡಲಿಲ್ಲ. ಅವಳು ಮಾತಾಡದೆ ಇದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಗುಡಿಯಲ್ಲಿ ಕಿವಿ ಇಟ್ಟವರು ಯಾರು ಎಂದು ನೀವು ಕೇಳುತ್ತೀರಿ. ಇಡಿರಿ ಎಂದು ಸಹಿ ಮಾಡಿದವಳು ನಾನೇ. ಐದು ವರ್ಷದ ಹಿಂದೆ ಬಸವಣ್ಣನ ಕೋಡಿಗೆ ತೊಡಿಸಿದ್ದ ಬೆಳ್ಳಿಯ ಅಣಸುಗಳು ಕಳುವಾದವು. ಭಜನಾ ಸಂಘದ ಹಿರಿಯಳೆಂದು ಚಾವಡಿಯ ಸಾಹೇಬರು ನನ್ನ ಹತ್ತಿರ ಬಂದು, "ದೇವರಿಗೂ ಒಂದು ಕಾವಲಾ ಇರಲೆವ್ವಾ" ಎಂದರು. ಬಾಗಿಲ ಚೌಕಟ್ಟಿಗೆ ಹಾಕುತ್ತಾರೆ, ಅಲ್ಲಿಗೆ ಪಿಸುಮಾತು ಮುಟ್ಟದು ಎಂದು ತಿಳಿದೆ. ಎಲ್ಲಿ ಹಾಕುತ್ತೀರಿ ಎಂದು ಕೇಳಲಿಲ್ಲ. ಅವರು ಬಸವಣ್ಣನ ಕಿವಿಯೊಳಗೇ ಕೂಡಿಸಿದ್ದರು. ಐದು ವರ್ಷ ಊರಿನ ಬಂಜೆಯರು, ಸೊಸೆಯಂದಿರು, ಕುಡುಕರ ಹೆಂಡಂದಿರು ಶಿವನಿಗೆಂದು ಹೇಳಿದ್ದನ್ನೆಲ್ಲ ಯಾವನೋ ಕುರ್ಚಿಯ ಮೇಲೆ ಕೂತು ಕೇಳಿದ್ದಾನೆ.

ಸುಳ್ಳು ಬರೆಯಲಾರೆ. ಕಾವಲುಗಿವಿಯಿಂದ ಒಳ್ಳೆಯದೂ ಆಗಿದೆ. ಕುಂಬಾರ ಓಣಿಯ ಐದು ವರ್ಷದ ಕೂಸು ಹಾಳುಬಾವಿಗೆ ಬಿದ್ದಾಗ ಅದರ ಅಳು ಮೊದಲು ಕೇಳಿದ್ದು ಪಕ್ಕದ ಮನೆಯ ಕಾವಲುಗಿವಿಗೇ. ಅರ್ಧ ತಾಸಿನಲ್ಲಿ ಮೇಲೆತ್ತಿದರು. ಆ ಕೂಸು ಈಗ ದಿನಾ ನನ್ನ ಕಟ್ಟೆಯ ಮೇಲೆ ಕುಂಟಾಟ ಆಡುತ್ತದೆ. ಅದರ ತಾಯಿಯ ಎದುರು ನಿಂತು ಕಾವಲು ಬೇಡವೆನ್ನಲು ನನಗೆ ಬಾಯಿ ಬಾರದು.

ಈಗ ನಾಳೆಯ ಸಂಗತಿ. ಕಿವಿ ಕೇಳಿದ ಮಾತು ಹಾಗೆಯೇ ಸಾಕ್ಷಿಯಾಗುವುದಿಲ್ಲ, ಅದರಿಂದ ಹಿಡಿದದ್ದೂ ಕಾಯಿದೆಯ ಮುಂದೆ ನಿಲ್ಲುವುದಿಲ್ಲ. ಆಡಿದವರು ಆರು ತಿಂಗಳೊಳಗೆ ಚಾವಡಿಯಲ್ಲಿ ನಿಂತು, ಸರಕಾರಕ್ಕೆ ತಿಳಿಯಲೆಂದೇ ಹೇಳಿದೆ ಎಂದು ಒಪ್ಪಬೇಕು. ಇದಕ್ಕೆ ನುಡಿಮುದ್ರೆ ಎನ್ನುತ್ತಾರೆ. ನಿಮ್ಮ ಕಾಲದ ಯಾವುದೋ ಒಳ್ಳೆಯ ಕಾಯಿದೆಯ ಉಳಿದ ಬೇರಂತೆ ಅದು. ನಾನು ಮುದ್ರೆ ಒತ್ತಿದರೆ ಪಾರವ್ವ ಏಳು ವರ್ಷ ಒಳಗೆ. ಒತ್ತದಿದ್ದರೆ ಅವಳನ್ನೂ ದ್ಯಾಮವ್ವನನ್ನೂ ಬಿಡಬೇಕು, ಆದರೆ ಒತ್ತದವಳು ಅವರ ಜಾಗಕ್ಕೆ ಹೋಗಬೇಕು. ಸುದ್ದಿ ಕೊಟ್ಟದ್ದಕ್ಕೆ ನನಗೆ ಹಿತಗಾರ್ತಿ ಎಂದು ಹೆಸರು ಕೊಟ್ಟು ಬಾಗಿಲಿಗೆ ಹಿತ್ತಾಳೆಯ ಫಲಕ ಹೊಡೆದಿದ್ದಾರೆ. ಓಣಿಯವರು ಅದನ್ನು ನೋಡಿ ನನಗೆ ಕೈಮುಗಿಯುತ್ತಾರೆ, ಗಿರಣಿಯಲ್ಲಿ ಮಾತ್ರ ನನ್ನ ಪಕ್ಕದಲ್ಲಿ ಯಾರೂ ನಿಲ್ಲುವುದಿಲ್ಲ.

ನಮ್ಮ ಯಜಮಾನರು ಅಂದಾನೆಪ್ಪನವರು ನಿನ್ನೆ ತಾವೇ ಜೋಳದ ಬುಟ್ಟಿ ಹೊತ್ತು ಗಿರಣಿಗೆ ಬಂದರು. "ಹೌದಂದ್ರ ಮುಗೀತು. ಪಾರಿ ಗಟ್ಟಿ ಜೀವಾ, ತಡಕೋತಾಳ. ನಿನಗ ಸಕ್ಕರಿ ಬ್ಯಾನಿ" ಎಂದರು. "ದೇವರಿಗೆ ಹೇಳಿದ್ದನ್ನ ಸರಕಾರಕ್ಕ ಹೇಳೀನಿ ಅಂದ್ರ ನಾಳೆ ಲಿಂಗಾ ಯಾವ ಕೈಯಾಗ ಹಿಡೀಲಿ?" ಎಂದೆ. ಅವರು ಬಿದ್ದ ಹಿಟ್ಟನ್ನು ಬುಟ್ಟಿಗೆ ತುಂಬಿಕೊಂಡರು. ಆಮೇಲೆ, "ಗುಳಿಗಿ ಒಂದ ತಿಂಗಳದ್ದು ಗಂಟಿನ್ಯಾಗ ಕಟಗೋ" ಎಂದರು. ಅದೇ ಅವರ ಒಪ್ಪಿಗೆ.

ಹಿರಿಯರೇ, ನಿಮ್ಮ ಬಾಗಿಲಿಗೆ ಕಾವಲು ಕೊಡಲು ಅವರು ಈಗಷ್ಟೇ ಬರುತ್ತಿರಬಹುದು. ಬಂದವರನ್ನು ಅಟ್ಟಿರಿ ಎಂದು ನಾನು ಹೇಳುವುದಿಲ್ಲ, ನಿಮ್ಮಲ್ಲಿಯೂ ಬಾವಿಗಳಿವೆ, ಕೂಸುಗಳಿವೆ. ಆದರೆ ಕೂಡಿಸಿ ನೀರು ಕೊಟ್ಟು ಕೇಳಿರಿ: ಎಲ್ಲಿ ಇಡುತ್ತೀರಿ, ಕೇಳುವವನ ಹೆಸರೇನು, ಯಾವ ದಿನ ತೆಗೆಯುತ್ತೀರಿ? ಕೇಳಲು ನಾಚಬೇಡಿರಿ. ನಾನು ನಾಚಿದೆ. ಸಾಹೇಬರು ಓದಿದವರು, ನಾನು ಏಳನೆಯ ಇಯತ್ತೆ, ಕೇಳಿದರೆ ಹಳ್ಳಿ ಗಮಾರಿ ಎಂದಾರೆಂದು ಸುಮ್ಮನಾದೆ. ಆ ನಾಚಿಕೆಯಿಂದ ಒಂದು ಹಸುಗೂಸು ಆರು ತಿಂಗಳಿಂದ ತಿದ್ದುಮನೆಯಲ್ಲಿದೆ.

ನಾಳೆ ಹತ್ತು ಗಂಟೆಗೆ ಚಾವಡಿಗೆ ಹೋಗುತ್ತೇನೆ. ಪಾರವ್ವ ಹೊರಬರುವ ಬಾಗಿಲು ಬೇರೆ, ನಾನು ಒಳಗೆ ಹೋಗುವ ಬಾಗಿಲು ಬೇರೆ ಎಂದು ಹೇಳಿದ್ದಾರೆ. ಹಾಗಾಗಿ ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಇವತ್ತು ಬೆಳಗ್ಗೆ ಅವಳ ಮನೆಯ ಬೀಗ ತೆಗೆದು ಕಸ ಗುಡಿಸಿದೆ, ಹಂಡೆಗೆ ನೀರು ತುಂಬಿದೆ, ಒಲೆಯ ಪಕ್ಕ ಒಣ ಕಟ್ಟಿಗೆ ಇಟ್ಟೆ. ಆರು ತಿಂಗಳ ಮೇಲೆ ಬರುವವಳು, ಮೊದಲು ಬಿಸಿನೀರು ಹಾಕಿಕೊಳ್ಳಲಿ.

ಸಾವಂತ್ರೆವ್ವ