ಮಂಚದಷ್ಟು ದೂರ

ಪ್ರೀತಿಯ ಅಕ್ಕಾ,

ನೀನು ಕಳಿಸಿದ ಜಮಖಾನ ಬಂತು. ಪಾಪು ಅಂಬೆಗಾಲಿಡಲಿ ಅಂತ ನೆಲಕ್ಕೆ ಹಾಸಿದೆ, ಸಂಜೆಗೇ ಮಡಚಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಅಂಗಡಿ ಮುಚ್ಚಿದ ಮೇಲೆ ಇವರು ಕಿಟಕಿ ಗಾಜು ಕತ್ತರಿಸುವುದು ನಮ್ಮ ಈ ಒಂದೇ ಕೋಣೆಯಲ್ಲಿ. ಎಷ್ಟು ಗುಡಿಸಿ ಒರೆಸಿದರೂ ಚೂರು ಉಳಿದೇ ಉಳಿಯುತ್ತದೆ. ಮೊನ್ನೆ “ಈಗ ನೋಡೇ, ಒಂದು ಚೂರೂ ಇಲ್ಲ” ಅಂದರು. ಹಾಗೆನ್ನುತ್ತಿದ್ದಂತೆಯೇ ಅವರ ಹಿಮ್ಮಡಿಗೇ ಒಂದು ಚುಚ್ಚಿತು. ಪಾಪುವನ್ನು ಹೊರಗೆ ಬಿಡೋಣವೆಂದರೆ ಬಾಗಿಲು ದಾಟಿದ ಕೂಡಲೇ ಕಡಿದಾದ ಮೆಟ್ಟಿಲು. ಹಾಗಾಗಿ ಅವಳ ಓಡಾಟವೆಲ್ಲ ಮಂಚದ ಮೇಲೆಯೇ.

ಎರಡು ದಿನವಾದರೂ ಬಂದು ಹೋಗು ಅಂದೆಯಲ್ಲ, ಬರುತ್ತೇವೆ. ಆದರೆ ನಿನ್ನ ದೊಡ್ಡ ಹಾಲ್‌ನಲ್ಲಿ ಅವಳು ಮನೆ ತುಂಬಾ ಹರಿದಾಡುತ್ತಾಳೆ ಅಂದುಕೊಳ್ಳಬೇಡ. ನಿನ್ನೆ ಚುಚ್ಚುಮದ್ದಿಗೆ ಹೋದಾಗ ಆಸ್ಪತ್ರೆಯ ಖಾಲಿ ವರಾಂಡದಲ್ಲಿ ಬಿಟ್ಟಿದ್ದೆ. ಮಂಚದಷ್ಟು ದೂರ ಹೋದಳು, ಕೈ ಚಾಚಿ ಅಲ್ಲಿಲ್ಲದ ಅಂಚನ್ನು ತಡವಿದಳು, ತಿರುಗಿ ಬಂದಳು. ಮತ್ತೆ ಬಿಟ್ಟೆ, ಮತ್ತೆ ಅಷ್ಟೇ ದೂರ. ಭಾವನವರಿಗೆ ಮೊದಲೇ ಹೇಳಿಡು, ನೋಡಿ ನಗುವುದು ಬೇಡ.

ನರ್ಸ್ ಮಾತ್ರ ಅವಳ ಕೆನ್ನೆ ಹಿಂಡಿ, “ಎಷ್ಟು ಜಾಣೆ ಕಣಮ್ಮಾ ನಿನ್ನ ಮಗಳು, ದೂರ ಹೋಗೋದೇ ಇಲ್ಲ” ಅಂದರು. ನಾನು ಹೂಂ ಅಂದೆ.

ಇಂತಿ,
ನಿನ್ನ ತಂಗಿ