ಹದಿನಾಲ್ಕರ ಹುಡುಗಿಯ ಮುಂದಿಟ್ಟ ಮೈಕು

ಮಾನ್ಯ ಶಿಕ್ಷಣಾಧಿಕಾರಿಗಳೇ,

ನೀವು ಕಳಿಸಿದ ಮೈಕು ನಮ್ಮ ಪ್ರೌಢಶಾಲೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಎಷ್ಟು ಚೆನ್ನಾಗಿ ಎಂದರೆ, ಒಂಬತ್ತನೇ ತರಗತಿಯ ನನ್ನ ವಿದ್ಯಾರ್ಥಿನಿಯೊಬ್ಬಳು ಅದರ ಮುಂದೆ ಒಂದೂವರೆ ನಿಮಿಷ ನಿಂತವಳು ಮಾರನೇ ದಿನದಿಂದ ಶಾಲೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಇವತ್ತು ಶುಕ್ರವಾರ, ಅವಳ ಗೈರುಹಾಜರಿಯ ಇಪ್ಪತ್ತಾರನೇ ದಿನ. ನಾಳೆ, ನಾಡಿದ್ದು ರಜೆ ಬಿಟ್ಟರೆ ಬರುವ ಗುರುವಾರಕ್ಕೆ ಮೂವತ್ತು ತುಂಬುತ್ತದೆ. ಮೂವತ್ತು ತುಂಬಿದರೆ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಬೇಕೆಂಬುದು ನಿಮ್ಮ ನಿಯಮ, ಹೊಡೆದುಹಾಕಬೇಕಾದ ಕೆಂಪು ಪೆನ್ನು ಇರುವುದು ತರಗತಿ ಶಿಕ್ಷಕನಾದ ನನ್ನ ಜೇಬಿನಲ್ಲಿ. ಈ ವಿಷಯವಾಗಿ ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ನಿಮ್ಮ ಕಚೇರಿಯಿಂದ ಸ್ವೀಕೃತಿ ಮುದ್ರೆ ಬಿಟ್ಟು ಬೇರೇನೂ ಬರಲಿಲ್ಲ. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಯಲ್ಲಿ, ಊರಿನ ಮುಂದೆಯೇ ಬರೆಯುತ್ತಿದ್ದೇನೆ.

ಓದುವವರಿಗಾಗಿ ಸುತ್ತೋಲೆಯ ಹುಟ್ಟನ್ನು ಹೇಳಿಬಿಡುತ್ತೇನೆ. ಹೋದ ವರ್ಷ ನೀವು ಒಂದು ಪ್ರಾಥಮಿಕ ಶಾಲೆಗೆ ಭೇಟಿ ಕೊಟ್ಟಿರಿ. ಅಲ್ಲಿ ಹಿಂದಿನ ದಿನ ತಪ್ಪಿಸಿಕೊಂಡ ಮಕ್ಕಳು ಬೆಳಗಿನ ಅಸೆಂಬ್ಲಿಯಲ್ಲಿ ಮೈಕಿನ ಮುಂದೆ ಬಂದು ಯಾಕೆ ಬರಲಿಲ್ಲ ಎಂದು ಹೇಳುವ ಪದ್ಧತಿ ಇತ್ತು. ಎರಡನೇ ತರಗತಿಯ ಪುಟಾಣಿಯೊಂದು ಬಂದು, ನಮ್ಮ ಬೆಕ್ಕು ನಾಲ್ಕು ಮರಿ ಹಾಕಿತ್ತು, ಐದನೆಯದು ಬರುತ್ತೇನೋ ಅಂತ ಕಾಯುತ್ತಿದ್ದೆ ಎಂದಿತು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅದೇ ನಕ್ಕಿತು. ಮಾರನೇ ದಿನ ಮೈಕು ಹಿಡಿಯಲು ಸಾಲು ನಿಂತಿತಂತೆ. ಹಾಜರಿಯೂ ಏರಿತಂತೆ. ನಿಮಗೆ ಸಂತೋಷವಾಯಿತು. ಆ ಸಂತೋಷದಲ್ಲೇ ಸುತ್ತೋಲೆ ಹೊರಟಿತು: ಎಲ್ಲ ಶಾಲೆಗಳಲ್ಲಿ, ಎಲ್ಲ ತರಗತಿಗಳಲ್ಲಿ, ಎರಡು ದಿನ ಅಥವಾ ಹೆಚ್ಚು ಗೈರಾದ ವಿದ್ಯಾರ್ಥಿಯು ಅಸೆಂಬ್ಲಿಯ ಮೈಕಿನಲ್ಲಿ ತನ್ನದೇ ಮಾತಿನಲ್ಲಿ ಸತ್ಯವಾದ ಕಾರಣವನ್ನು ತಿಳಿಸತಕ್ಕದ್ದು. ಹಾಗೆ ತಿಳಿಸಿದವರ ಪಟ್ಟಿ ವಾರಕ್ಕೊಮ್ಮೆ ನಿಮ್ಮ ಕಚೇರಿಗೆ ತಲುಪತಕ್ಕದ್ದು.

ಪ್ರೌಢಶಾಲೆಗೂ ಇದು ಅನ್ವಯಿಸುತ್ತದೆಯೇ ಎಂದು ಕೇಳಲು ನಾನು ನಿಮ್ಮ ಕಚೇರಿಗೆ ಬಂದಿದ್ದೆ. ನಿಮ್ಮ ಗುಮಾಸ್ತರು ಕಾಗದವನ್ನು ತಿರುವಿಹಾಕಿ, ಅತ್ಯಂತ ಶಾಂತವಾಗಿ ಹೇಳಿದರು: "ಸುತ್ತೋಲೇಲಿ ವಯಸ್ಸು ಹಾಕಿಲ್ಲ ಅಂದ್ರೆ ಎಲ್ಲಾ ವಯಸ್ಸಿಗೂ ಅಂತ ಅರ್ಥ ಸರ್." ಏಳು ವರ್ಷದ ಮಗುವಿನ ಅಳತೆಗೆ ಹೊಲಿದ ಅಂಗಿಯನ್ನು, ಅದರ ಕುತ್ತಿಗೆಪಟ್ಟಿಯಲ್ಲಿ ವಯಸ್ಸು ಬರೆದಿಲ್ಲ ಎಂಬ ಕಾರಣಕ್ಕೆ, ಆ ಗುಮಾಸ್ತರು ತೊಟ್ಟುಕೊಂಡು ಕಚೇರಿಗೆ ಬರುತ್ತಾರೆಯೇ?

ನನ್ನದು ದೊಡ್ಡ ವಿದ್ವತ್ತೇನಲ್ಲ. ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಉಚಿತವಾಗಿ ಇಟ್ಟಿರುತ್ತಾರಲ್ಲ, ಹದಿನಾರು ಪುಟದ ಪಿನ್ನು ಹೊಡೆದ ಕಿರುಹೊತ್ತಿಗೆಗಳು, ಅವುಗಳಲ್ಲಿ ಓದಿದ್ದು. ನಿಮ್ಮ ಕಚೇರಿಯ ಪಡಸಾಲೆಯಲ್ಲೂ ಒಂದು ಕಟ್ಟು ಇದೆ, ದಾರ ಬಿಚ್ಚಿಲ್ಲ. ಅದರಲ್ಲಿ ಸರಳವಾಗಿ ಬರೆದಿದ್ದಾರೆ. ಹರೆಯಕ್ಕೆ ಕಾಲಿಡುವ ಮಗುವಿನ ಮಿದುಳಿನಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಓರಗೆಯವರು ತನ್ನನ್ನು ಹೇಗೆ ನೋಡುತ್ತಿದ್ದಾರೆ ಎಂಬುದನ್ನು ತೀವ್ರವಾಗಿ ಅನುಭವಿಸುವ ಶಕ್ತಿ ಮೊದಲು ಚಿಗುರುತ್ತದೆ. ಇದು ಸಣ್ಣ ವಿಷಯ, ನಾಳೆಗೆ ಮರೆತುಹೋಗುತ್ತದೆ ಎಂದು ತೂಗಿ ನೋಡಿ ಸಮಾಧಾನ ಮಾಡಿಕೊಳ್ಳುವ ಶಕ್ತಿ ವರ್ಷಗಟ್ಟಲೆ ಹಿಂದೆ ಬಿದ್ದಿರುತ್ತದೆ. ಏಳರ ಮಗುವಿಗೆ ಆರುನೂರು ಜೊತೆ ಕಣ್ಣು ಎಂದರೆ ಆರುನೂರು ಪ್ರೇಕ್ಷಕರು. ಹದಿನಾಲ್ಕಕ್ಕೆ ಅವೇ ಕಣ್ಣುಗಳು ಆರುನೂರು ತೀರ್ಪುಗಳು. ಇದನ್ನು ಗಣಿತದ ಮೇಷ್ಟ್ರು ನಿಮಗೆ ಹೇಳಿಕೊಡಬೇಕೇ? ನೀವು ಹದಿನಾಲ್ಕನ್ನು ದಾಟದೆ ನೇರವಾಗಿ ಅಧಿಕಾರಿಗಳಾಗಿ ಹುಟ್ಟಿದಿರೇ?

ಇಷ್ಟು ಓದಿಕೊಂಡಿದ್ದ ನಾನು ಏನು ಮಾಡಿದೆ ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ಈ ಪತ್ರಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ಆ ವಾರ ಅಸೆಂಬ್ಲಿಯ ಉಸ್ತುವಾರಿ ನನ್ನದಾಗಿತ್ತು. ಎರಡು ದಿನ ಬಾರದಿದ್ದ ಹುಡುಗಿ ಅಗಲವಾದ ಹೇರ್‌ಬ್ಯಾಂಡನ್ನು ಹುಬ್ಬಿನ ತನಕ ಎಳೆದುಕೊಂಡು ಬಂದು ಮೈಕಿನಲ್ಲಿ ಜ್ವರ ಎಂದಳು. ಜ್ವರವಲ್ಲವೆಂದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ನನಗೆ ಸತ್ಯದ ಬಗ್ಗೆ ಬಹಳ ಅಭಿಮಾನ, ಅದರ ಬಗ್ಗೆಯೂ ಕಿರುಹೊತ್ತಿಗೆಗಳನ್ನು ಓದಿದ್ದೇನೆ. ಬೆನ್ನು ನೇರ ಮಾಡಿಕೊಂಡು, ಎಲ್ಲರಿಗೂ ಕೇಳುವಂತೆ, "ನಿಜ ಹೇಳಮ್ಮ, ನಿಜ ಹೇಳೋಕೆ ಭಯ ಯಾಕೆ?" ಎಂದೆ. ಅವಳು ನನ್ನನ್ನು ನೋಡಿದಳು. ಮನೆಯಲ್ಲಿ ಕನ್ನಡಿಯ ಮುಂದೆ ನಾನೇ ಮುಂಗೂದಲು ಕತ್ತರಿಸಿಕೊಂಡಿದ್ದೆ, ಕೆಟ್ಟುಹೋಯಿತು, ಅದಕ್ಕೇ ಬರಲಿಲ್ಲ ಎಂದಳು. ಅಷ್ಟಕ್ಕೇ ನಿಲ್ಲಿಸದೆ ಹೇರ್‌ಬ್ಯಾಂಡನ್ನು ಮೇಲಕ್ಕೆ ಸರಿಸಿ ತೋರಿಸಿದಳು. ತೋರಿಸು ಎಂದು ನಾನು ಹೇಳಿರಲಿಲ್ಲ. ಒಮ್ಮೆ ನಂಬದವರು ಸಾಕ್ಷಿಯನ್ನೂ ಕೇಳುತ್ತಾರೆ ಎಂದುಕೊಂಡಿರಬೇಕು.

ಆರುನೂರು ಜನ ನಕ್ಕರು. ಒಂದು ಕ್ಷಣ ನಾನೂ ನಕ್ಕೆ. ಹಣೆಯ ಮೇಲೆ ಒಂದಿಂಚಿನ ಕೂದಲು ಕುಚ್ಚಿನಂತೆ ಎದ್ದು ನಿಂತಿತ್ತು, ನಗು ಬರುವಂತೆಯೇ ಇತ್ತು. ತರಗತಿಗೆ ಹೋಗುವ ಹೊತ್ತಿಗೆ ಅವಳಿಗೆ ಕತ್ತರಿ ಎಂಬ ಹೆಸರು ಬಿದ್ದಿತ್ತು. ಬಾಯಿಬಿಟ್ಟು ಕರೆಯುವ ಅಗತ್ಯವೂ ಇರಲಿಲ್ಲ. ಎರಡು ಬೆರಳನ್ನು ಗಾಳಿಯಲ್ಲಿ ತೆರೆದು ಮುಚ್ಚಿದರೆ ಸಾಕು. ನಾನು ಬೋರ್ಡಿನಿಂದ ತಿರುಗಿದಾಗಲೆಲ್ಲ ಯಾವುದೋ ಬೆಂಚಿನಲ್ಲಿ ಎರಡು ಬೆರಳು ಇಳಿಯುತ್ತಿದ್ದವು. ಉತ್ತರ ಹೇಳಲು ಬೆರಳೆತ್ತುತ್ತಿದ್ದಾರೆ ಎಂದುಕೊಂಡು ಒಬ್ಬನನ್ನು ಶಹಭಾಸ್ ಎಂದೂ ಎಬ್ಬಿಸಿದೆ. ಅಷ್ಟು ಜಾಣ ನಾನು.

ಮಧ್ಯಾಹ್ನ ನಮ್ಮ ವಿಜ್ಞಾನದ ಮೇಡಂ ನನ್ನನ್ನು ಪ್ರಯೋಗಶಾಲೆಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡರು. ಇಪ್ಪತ್ತೆಂಟು ವರ್ಷ ಪಾಠ ಮಾಡಿದವರು, ಯಾರನ್ನೂ ನಾಲ್ಕು ಜನರ ಎದುರು ಬೈದವರಲ್ಲ. "ಅಲ್ಲಪ್ಪ," ಎಂದರು, "ನೀನು ಅವಳ ಹತ್ರ ನಿಜ ಕೇಳಲಿಲ್ಲ. ಆರುನೂರು ಜನಕ್ಕೆ ಬಡಿಸು ಅಂದೆ." ಮಾರನೇ ದಿನದಿಂದ ಮೂರನೇ ಬೆಂಚಿನಲ್ಲಿ ಅವಳ ಜಾಗ ಖಾಲಿ.

ಅವಳೊಬ್ಬಳೇ ಅಲ್ಲ, ಇಡೀ ತರಗತಿಯೇ ಬಾಯಿ ಮುಚ್ಚಿಕೊಂಡಿತು. ಪ್ರಶ್ನೆ ಕೇಳಿದರೆ ಎಲ್ಲರೂ ಪುಸ್ತಕದೊಳಗೆ ಏನೋ ಕಳೆದುಹೋಗಿದೆ ಎಂಬಂತೆ ಹುಡುಕತೊಡಗುತ್ತಾರೆ. ಸೋಮಾರಿಗಳಾದರೇ? ಎರಡು ವಾರದಲ್ಲಿ ದಡ್ಡರಾದರೇ? ತಪ್ಪು ಹೇಳಿದರೆ ಏನಾಗುತ್ತದೆ ಎಂಬುದನ್ನು ನಾವೇ ಧ್ವನಿವರ್ಧಕ ಹಚ್ಚಿ ತೋರಿಸಿಕೊಟ್ಟಿದ್ದೆವು. ಆಮೇಲೆ ನಾನು ಮೇಡಂ ತರಗತಿಯ ಹಿಂದೆ ಹೋಗಿ ಕುಳಿತೆ. ಅವರು ಯಾವ ಪ್ರಶ್ನೆಯನ್ನೂ ಒಬ್ಬರಿಗೆ ಎಸೆಯುವುದಿಲ್ಲ. ಪ್ರಶ್ನೆ ಹೇಳಿ, ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿ ಎನ್ನುತ್ತಾರೆ. ಆಮೇಲೆ ನಿಮ್ಮ ಬೆಂಚಿನ ಉತ್ತರ ಏನು ಎಂದು ಕೇಳುತ್ತಾರೆ. ತಪ್ಪಾದರೆ ತಪ್ಪು ಬೆಂಚಿನದು, ಯಾರೊಬ್ಬರ ಹಣೆಯ ಮೇಲೂ ಬೀಳುವುದಿಲ್ಲ. ಓರಗೆಯವರ ಹಂಬಲ ಈ ವಯಸ್ಸಿನ ರೋಗ ಎಂದು ನಾವು ಅದನ್ನು ಕಟ್ಟಿಹಾಕಲು ಹೊರಟರೆ, ಅವರು ಅದೇ ಹಂಬಲಕ್ಕೆ ಪಾಠವನ್ನು ಹೂಡುತ್ತಾರೆ. ನಾನೂ ಹಾಗೆಯೇ ಶುರುಮಾಡಿದೆ. ಮೊನ್ನೆ ಕೊನೆಯ ಬೆಂಚಿನವರು ಧೈರ್ಯವಾಗಿ ತಪ್ಪು ಉತ್ತರ ಹೇಳಿದರು. ಯಾರೂ ನಗಲಿಲ್ಲ, ಯಾಕೆಂದರೆ ಮುಂದಿನ ಎರಡು ಬೆಂಚಿನದೂ ಅದೇ ತಪ್ಪು. ಮೂರನೇ ಬೆಂಚಿನ ಸರದಿ ಬಂದಾಗ ಅಲ್ಲಿ ಉಳಿದಿರುವ ಹುಡುಗಿ ಎದ್ದು ನಿಂತಳು. "ನಮ್ಮ ಬೆಂಚಲ್ಲಿ ಮಾತಾಡೋಕೆ ಯಾರೂ ಇಲ್ಲ ಸರ್" ಎಂದಳು.

ಆ ಸಂಜೆ ಅವಳ ಜೊತೆಗೇ, ಶಾಲೆಗೆ ಬಾರದ ಅವಳ ಗೆಳತಿಯ ಮನೆಗೆ ಹೋದೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ತಾಯಿ ಹಾಸಿಗೆ ಅಂಗಡಿಗೆ ದಿಂಬಿನ ಕವರು ಹೊಲಿಯುತ್ತಾರೆ. ಹೊಲಿಗೆ ಯಂತ್ರ ನಿಲ್ಲಿಸದೆಯೇ ನನಗೆ ಕುರ್ಚಿ ತೋರಿಸಿದರು. ಅಜ್ಜಿ ನನ್ನ ತಲೆಯನ್ನು ಒಮ್ಮೆ ದಿಟ್ಟಿಸಿ, ನಿಮ್ಮ ಕೂದಲೂ ಅಷ್ಟೇನೂ ಚೆನ್ನಾಗಿಲ್ಲವಲ್ಲ ಮೇಷ್ಟ್ರೇ, ನಿಮ್ಮನ್ನು ಯಾರು ಮೈಕಿನ ಮುಂದೆ ನಿಲ್ಲಿಸಿದ್ದರು ಎಂದು ಕೇಳಿದರು. ತಾಯಿ ನಗಲಿಲ್ಲ. "ಕೂದಲು ಬೆಳೆದಾಯ್ತು ಸರ್," ಎಂದರು. "ಇವಳು ಬಾಗಿಲು ದಾಟ್ತಿಲ್ಲ."

ಒಳಕೋಣೆಯ ಪರದೆಯ ಹಿಂದೆ ಅವಳು ಇದ್ದಳು. ನಾನು ಕ್ಷಮೆ ಕೇಳಿದೆ. ಐದು ಲೆಕ್ಕ ಬರೆದ ಹಾಳೆಯನ್ನು ಕೊಟ್ಟು ಬಂದೆ. ಮಾರನೇ ದಿನ ಅದೇ ಬೆಂಚಿನ ಗೆಳತಿಯ ಕೈಯಲ್ಲಿ ಹಾಳೆ ವಾಪಸ್ಸು ಬಂತು. ನಾಲ್ಕು ಲೆಕ್ಕ ಸರಿಯಾಗಿ ಬಿಡಿಸಿದ್ದಳು. ಒಂದನ್ನು ಬಿಟ್ಟಿದ್ದಳು. ಮೂರು, ನಾಲ್ಕು, ಎಂಟು ಸೆಂಟಿಮೀಟರಿನ ಬಾಹುಗಳುಳ್ಳ ತ್ರಿಕೋನದ ವಿಸ್ತೀರ್ಣ ಕೇಳಿದ್ದೆ, ಅವಸರದಲ್ಲಿ ಬರೆದದ್ದು. ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಅವಳು ಬರೆದಿದ್ದಳು: "ಸರ್, ಇಂಥ ತ್ರಿಕೋನ ಇರಲ್ಲ. ಎರಡು ಸೇರಿಸಿದ್ರೂ ಮೂರನೇದಕ್ಕೆ ಎಟುಕಲ್ಲ. ಯಾರಿಗೂ ತೋರಿಸಿಲ್ಲ."

ಅಧಿಕಾರಿಗಳೇ, ಆ ಕೊನೆಯ ಎರಡು ಪದಗಳನ್ನು ಓದಿದ ಮೇಲೆ ನನಗೆ ಒಂದು ಜಾಗದಲ್ಲಿ ಕೂರಲಾಗುತ್ತಿಲ್ಲ. ಈ ಪತ್ರದ ಅರ್ಧವನ್ನು ಖಾಲಿ ತರಗತಿಯಲ್ಲಿ ಬೆಂಚುಗಳ ನಡುವೆ ಓಡಾಡುತ್ತ ಬರೆದಿದ್ದೇನೆ. ಇನ್ನೊಬ್ಬರ ತಪ್ಪನ್ನು ಹೇಗೆ ತಿದ್ದಬೇಕು ಎಂಬುದು ಹದಿನಾಲ್ಕು ವರ್ಷದ ಅವಳಿಗೆ ಗೊತ್ತಿದೆ. ನನಗೆ ಗೊತ್ತಿರಲಿಲ್ಲ. ನಿಮ್ಮ ಇಲಾಖೆಗೆ ಇನ್ನೂ ಗೊತ್ತಾಗಿಲ್ಲ.

ಅಥವಾ ಗೊತ್ತಿದೆಯೇನೋ. ಹೋದ ತಿಂಗಳು ನಾನು ಎರಡು ದಿನ ತಡವಾಗಿ ಬಂದಿದ್ದಕ್ಕೆ ನಿಮ್ಮ ಕಚೇರಿ ಕಾರಣ ಕೇಳಿತು. ಅಂಟು ಹಾಕಿದ ಲಕೋಟೆಯಲ್ಲಿ, ಮೇಲೆ ಗೋಪ್ಯ ಎಂಬ ಮುದ್ರೆ ಒತ್ತಿ. ನಾನು ಒಳಗೆ ಏನೋ ಗೀಚಿ ಅದೇ ಲಕೋಟೆಯಲ್ಲಿ ಮರಳಿಸಿದೆ, ವಿಷಯ ಮುಗಿಯಿತು. ಶಿಕ್ಷಕರ ವಾರ್ಷಿಕ ಸಭೆಗೆ ತಾವು ಐವತ್ತು ನಿಮಿಷ ತಡವಾಗಿ ಬಂದಿರಿ. ಅಲ್ಲೂ ಒಂದು ಮೈಕು ಇತ್ತು. ತಾವು ಅದರಲ್ಲಿ ಸಮಯಪಾಲನೆಯ ಬಗ್ಗೆ ಮಾತಾಡಿದಿರಿ. ದಪ್ಪ ಚರ್ಮದ ನಮಗೆ ಗೋಪ್ಯ ಲಕೋಟೆ, ಚರ್ಮವೇ ಇನ್ನೂ ಬಲಿಯದ ವಯಸ್ಸಿಗೆ ಧ್ವನಿವರ್ಧಕ. ಇದು ಯಾವ ಶಾಸ್ತ್ರ?

ನಮ್ಮ ಕಾಲದಲ್ಲಿ ಇದಕ್ಕಿಂತ ಹೆಚ್ಚು ಅನುಭವಿಸಿದ್ದೇವೆ, ಏನಾಯಿತು ಎನ್ನುವವರಿದ್ದಾರೆ. ಏನೂ ಆಗಲಿಲ್ಲವಾದರೆ, ಆ ಅವಮಾನದ ದಿನ, ಜಾಗ, ನಕ್ಕವರ ಮುಖ ಇವತ್ತಿಗೂ ನಿಮಗೆ ಅಷ್ಟು ಸ್ಪಷ್ಟವಾಗಿ ನೆನಪಿರುವುದು ಯಾಕೆ? ಆ ದಿನ ಕಲಿಸಿದ ಪಾಠ ನೆನಪಿದೆಯೇ?

ಈಗ ಸಿಕ್ಕು ಎಲ್ಲಿದೆ ನೋಡಿ. ಅವಳು ಮರಳಿ ಬರಬೇಕಾದರೆ ಸುತ್ತೋಲೆಯ ಪ್ರಕಾರ ಇಪ್ಪತ್ತಾರು ದಿನದ ಗೈರಿಗೂ ಮೈಕಿನಲ್ಲೇ ಕಾರಣ ಹೇಳಬೇಕು. ಮೈಕಿನ ಭಯಕ್ಕೆ ಬರಲಿಲ್ಲ ಎಂದು ಮೈಕಿನಲ್ಲಿ ಹೇಳಬೇಕು. ಮುಖ್ಯೋಪಾಧ್ಯಾಯರು ಒಳ್ಳೆಯವರು, ಆದರೆ ವಾರದ ಪಟ್ಟಿಗೆ ಸಹಿ ಹಾಕುವವರು ಅವರು. ನಿಮ್ಮ ಒಂದು ಸಾಲು ಬಾರದೆ ಅವರ ಪೆನ್ನು ಅಲುಗುವುದಿಲ್ಲ.

ಆ ಒಂದು ಸಾಲನ್ನೇ ಕೇಳುತ್ತಿದ್ದೇನೆ. ಪ್ರೌಢಶಾಲೆಗಳಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ, ಗೈರಿನ ಕಾರಣವನ್ನು ತರಗತಿ ಶಿಕ್ಷಕರು ಒಬ್ಬೊಬ್ಬರನ್ನೇ ಕರೆದು ಕೇಳತಕ್ಕದ್ದು ಎಂದು ಬರೆಯಿರಿ. ಗುರುವಾರದೊಳಗೆ ಬರೆಯಿರಿ. ನಿಮ್ಮ ಭಾಷೆಯಲ್ಲೇ ಹೇಳಿದ್ದೇನೆ, ತಕ್ಕದ್ದು ಎಂದು.

ಈ ಪತ್ರ ಅಚ್ಚಾಗುವ ಮೊದಲು ಅವಳಿಗೆ ಓದಲು ಕೊಟ್ಟೆ. ಇನ್ನೊಮ್ಮೆ ಅವಳನ್ನು ಕೇಳದೆ ಅವಳ ಕತೆಯನ್ನು ಊರಿಗೆ ಬಡಿಸುವ ಧೈರ್ಯ ನನಗಿಲ್ಲ. ಎರಡು ವಾಕ್ಯ ಹೊಡೆದುಹಾಕಿದಳು. ಕೂದಲಿನ ವಿಷಯ ಇರಲಿ, ಅದು ಹೇಗೂ ಎಲ್ಲರಿಗೂ ಗೊತ್ತು ಎಂದಳು. ಸೋಮವಾರ ನಾನು ಮಾಡಬೇಕೆಂದಿರುವುದನ್ನೂ ಹೇಳಿ, ಮಾಡಲೇ ಎಂದು ಕೇಳಿದೆ. ಪರದೆಯ ಹಿಂದಿನಿಂದಲೇ, "ನನ್ನ ಹೆಸರು ಹೇಳ್ಬೇಡಿ ಸರ್," ಎಂದಳು. "ನೀವು ಮೂರು ನಾಲ್ಕು ಎಂಟು ಅಂತ ಬರೆದಿದ್ದು ಬೇಕಾದ್ರೆ ಹೇಳಿ."

ಸೋಮವಾರ ಬೆಳಗಿನ ಅಸೆಂಬ್ಲಿಯಲ್ಲಿ ನಾನು ಆ ಮೈಕಿನ ಮುಂದೆ ನಿಲ್ಲುತ್ತೇನೆ. ಸತ್ಯವಾದ ಕಾರಣ ಬೇಕೆಂದು ಸುತ್ತೋಲೆ ಕೇಳುತ್ತದೆ, ಕೊಡುತ್ತೇನೆ. ಒಂಬತ್ತನೇ ತರಗತಿಯ ಒಂದು ಖಾಲಿ ಜಾಗಕ್ಕೆ ಕಾರಣ ನಾನು ಎಂದು, ನನ್ನದೇ ಮಾತಿನಲ್ಲಿ, ಆರುನೂರು ಜನಕ್ಕೆ ಹೇಳುತ್ತೇನೆ. ತ್ರಿಕೋನದ ವಿಷಯವನ್ನೂ ಹೇಳುತ್ತೇನೆ, ನಗುವವರು ನಗಲಿ. ಆ ವಾರದ ಪಟ್ಟಿಯಲ್ಲಿ ನನ್ನ ಹೆಸರು ನಿಮ್ಮ ಮೇಜಿಗೆ ಬರುತ್ತದೆ. ಗುರುವಾರ ಹಾಜರಿ ಕೂಗುವಾಗ ಅವಳ ಹೆಸರನ್ನೂ ಕೂಗುತ್ತೇನೆ. ಕೆಂಪು ಪೆನ್ನನ್ನು ಈ ಪತ್ರದ ಮೂಲಪ್ರತಿಯ ಜೊತೆ ನಿಮಗೇ ಕಳಿಸಿದ್ದೇನೆ. ಹೊಡೆದುಹಾಕಲೇಬೇಕೆಂದರೆ ಬಂದು, ಮೂರನೇ ಬೆಂಚಿನಲ್ಲಿ ಒಬ್ಬಳೇ ಕೂತಿರುವ ಹುಡುಗಿಯ ಎದುರು, ನೀವೇ ಹೊಡೆಯಿರಿ.

ಇಂತಿ,
ಎರಡು ಬಾಹು ಸೇರಿಸಿದರೂ ಮೂರನೆಯದಕ್ಕೆ ಎಟುಕದ ತ್ರಿಕೋನ ಬರೆದವನು,
ಒಂಬತ್ತನೇ ತರಗತಿಯ ತಾತ್ಕಾಲಿಕ ಗಣಿತ ಶಿಕ್ಷಕ. ಸೋಮವಾರದ ತನಕವಂತೂ ಹೌದು